ಗುಣವಾಗಿದೆ ಎಂಬ ಕಾಗದ

ಎರಡು ವರ್ಷದ ಹಿಂದೆ ಮಾನವ್ವ ರಕ್ತ ಕೆಮ್ಮಿದ್ದಳು. ನೇಯುತ್ತಿದ್ದ ಸೀರೆಯ ಅಂಚಿನ ಮೇಲೇ ಬಿದ್ದಿತ್ತು. ಮಗ್ಗದ ಮಾಲೀಕ ಮೊದಲು ನೋಡಿದ್ದು ಸೀರೆಯನ್ನು, ಆಮೇಲೆ ಅವಳನ್ನು.

ಆರು ತಿಂಗಳು ಒಂದು ದಿನವೂ ತಪ್ಪದೆ ಸರಕಾರಿ ದವಾಖಾನೆಯ ಗುಳಿಗೆ ನುಂಗಿದಳು. ಉಚ್ಚೆ ಕೆಂಪಾಯಿತು, ಹೊಟ್ಟೆ ತೊಳಸಿತು, ಬಿಡಲಿಲ್ಲ. ಕೊನೆಗೆ ಡಾಕ್ಟರು ‘ಕ್ಷಯ ಪೂರ್ಣ ಗುಣವಾಗಿದೆ’ ಎಂದು ಸಹಿ ಹಾಕಿ ಕೊಟ್ಟ ಕಾಗದವನ್ನು ದೇವರ ಜಗಲಿಯ ಮೇಲಿಟ್ಟಿದ್ದಳು.

ಗಂಡ ಸತ್ತ ಮನೆ. ಮಗಳು ಮಾಲಾ ಇನ್ನೂ ಏಳನೆಯ ತರಗತಿ. ತಾನು ಹೋದರೆ ಹುಡುಗಿಗೆ ಯಾರು? ಅದಕ್ಕೇ ಗಜೇಂದ್ರಗಡದ ತನ್ನ ಓಣಿಯ ಗುಡಿಕಟ್ಟೆಗೆ ವಿಮೆ ಏಜೆಂಟ್ ಮಾಲತೇಶ ಬಂದಾಗ, ಮಗ್ಗ ಬಿಟ್ಟೆದ್ದು ಆ ಕಾಗದ ಹಿಡಿದು ಎಲ್ಲರಿಗಿಂತ ಮೊದಲು ಹೋಗಿ ಕೂತಳು.

“ನೋಡ್ರಿ ಸರ, ಚಲೋ ಆಗೇತಿ ಅಂತ ಡಾಕ್ಟರ ಬರದಾರ.”

ಮಾಲತೇಶ ಓದಿ ನಕ್ಕ. “ಅಯ್ಯ ಯವ್ವಾ, ಕುಂಬಳಕಾಯಿ ಕಳ್ಳ ಯಾರಂತ ಕೇಳೂಕಿಂತ ಮೊದಲಽ ಹೆಗಲ ತೋರ್ಸಾಕ ಬಂದೀಯಲ್ಲ! ಇದನ್ನ ಒಲಿಗಿ ಹಾಕು. ರೋಗ ಇದ್ದಿಲ್ಲ ಅಂತ ನಾ ಬರೀತೀನಿ, ನೀ ಹೆಬ್ಬೆಟ್ಟ ಒತ್ತು.”

“ಸುಳ್ಳಲ್ಲೇನ್ರಿ ಅದು?”

“ಎಲ್ಲಾರದೂ ಹಿಂಗಽ.”

ಹಿಂದೆ ಕೂತಿದ್ದ ಹೊಳೆವ್ವ ಎದ್ದು ನಿಂತಳು. ಹೋದ ವರ್ಷ ಅವಳ ಗಂಡ ಎದೆನೋವಿನಿಂದ ಸತ್ತಿದ್ದ.

“ನಮ್ಮ ಮನ್ಯಾವ್ರದೂ ನೀವಽ ಬರದಿದ್ರಿ. ಎದಿರೋಗ ಐತ್ರಿ ಅಂದ್ರ ಸುಮ್ಕಿರು ಅಂದ್ರಿ. ಸತ್ತಮ್ಯಾಲೆ ಕಂಪನ್ಯಾವ್ರು, ರೋಗ ಮುಚ್ಚಿಟ್ಟೀರಿ ಅಂತ ಕೈ ಎತ್ತಿದ್ರು.”

“ಹೆಬ್ಬೆಟ್ಟ ಅವಂದಽ ಅಲ್ಲೇನವಾ?”

“ಹೆಬ್ಬೆಟ್ಟ ಅವರ್ದು. ಬರದ ಕೈ ನಿಮ್ದು. ಕಮಿಷನ್ನೂ ನಿಮ್ದಽ.”

ಮಾನವ್ವ ತನ್ನ ಕಾಗದವನ್ನು ಮಾಲತೇಶನ ಕೈಯಿಂದ ವಾಪಸು ತೆಗೆದುಕೊಂಡಳು. ಸುಳ್ಳು ಬರೆಸಿದರೆ ತಾನು ಸಾಯುವತನಕ ಕಂತು ತುಂಬಬೇಕು. ಸತ್ತ ಮೇಲೆ ಮಾಲಾ ಬರಿಗೈಯಲ್ಲಿ ತಿರುಗಬೇಕು.

“ಬರೀರಿ,” ಅಂದಳು. “ಕ್ಷಯ ಆಗಿತ್ತು, ಗುಣ ಆಗೇತಿ ಅಂತ ಬರೀರಿ.”

“ಎಕ್ಸ್‌ರೇ ಕೇಳ್ತಾರ, ತಪಾಸಣಿ ಕೇಳ್ತಾರ. ಕಡೀಕ ಮಂಜೂರ ಆಗೂದಿಲ್ಲ!”

“ಆಗಬ್ಯಾಡ. ಯಾಕ ಆಗಲಿಲ್ಲ ಅಂತ ನಿಮ್ಮ ಕಂಪನಿ ಬರದು ಕೊಡ್ಲಿ. ಓದಾಕ ನನ್ನ ಮಗಳದಾಳ.”

ಮಾಲತೇಶ ಫಾರ್ಮುಗಳನ್ನು ಚೀಲಕ್ಕೆ ತುರುಕಲು ಹೋದ. ಹೊಳೆವ್ವ ಚೀಲದ ಬಾಯಿಗೆ ಕೈಯಿಟ್ಟಳು. “ಹಂಗೆಲ್ಲಿ ಹೊಂಟ್ರಿ? ಕೂಡ್ರಿ.”

ಕಟ್ಟೆಯ ಸುತ್ತ ಹದಿನಾಲ್ಕು ಹೆಂಗಸರು. ಒಬ್ಬಳೂ ಸರಿಯಲಿಲ್ಲ. ಅವನು ಮುಖ ಗಂಟುಹಾಕಿಕೊಂಡು ‘ಕ್ಷಯ ಆಗಿತ್ತು, ಗುಣವಾಗಿದೆ’ ಎಂದು ಬರೆದ. ಮಾನವ್ವ ಮಾಲಾಳನ್ನು ಕರೆದು ಓದಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿ ಎದ್ದಳು.

ಆ ಜಾಗದಲ್ಲಿ ಹೆಂಗಸರ ಗುಂಪಿನಿಂದ ಮಾಬೂಬಿ ಬಂದು ಕೂತಳು. “ನಂದು ಬರೀರಿ. ಮೂವತ್ತಕ್ಕಽ ಗರ್ಭಚೀಲ ತಗದಾರ.”

“ನನಗ ಸಕ್ಕರಿ ರೋಗ,” ಹಿಂದಿನಿಂದ ಒಬ್ಬಳು.

“ನನಗ ದಮ್ಮು.”

ಮಾಲತೇಶ ಪೆನ್ನು ಕೆಳಗಿಟ್ಟ.

“ಹಾಳಿ ಸಾಲದಿದ್ರ ಹೇಳ್ರಿ ಸರ,” ಅಂದಳು ಮಾಬೂಬಿ, “ತರಸ್ತೀವಿ.”