ಹಾರ್ಡ್ ಡಿಸ್ಕಿಗೆ ಹಚ್ಚಿದ ವಿಭೂತಿ

ಆಯುಧಪೂಜೆಯ ದಿನ ದಾಕ್ಷಾಯಿಣಿಯ ಕಣ್ಣಿಗೆ ಬಿದ್ದ ಯಾವ ವಸ್ತುವೂ ಬರಿ ಹಣೆಯಲ್ಲಿ ಉಳಿಯುವಂತಿರಲಿಲ್ಲ. ಚಳ್ಳಕೆರೆಯಲ್ಲಿದ್ದ ಅವರ ರೇಷ್ಮೆ ಸೀರೆ ಅಂಗಡಿಯ ಕತ್ತರಿ, ಗಜಕಡ್ಡಿ, ಗಂಡನ ಸ್ಕೂಟರು, ಕಂಪ್ಯೂಟರು ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಲ್ಲಿ ಎಳೆದದ್ದೇ ಎಳೆದದ್ದು. ಆ ಸಾಲಿನಲ್ಲಿ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕೂ ಇತ್ತು. ಅದಕ್ಕೆ ಹಣೆ ಯಾವುದು, ಪಾದ ಯಾವುದು ಎಂದು ಪಾಪ ಅವಳಿಗೇನು ಗೊತ್ತು. ಕೇಬಲ್ಲು ಚುಚ್ಚುವ ತೂತಿದ್ದ ಕಡೆಯೇ ತಲೆ ಎಂದುಕೊಂಡು ಗೋಡೆಗೆ ಒರಗಿಸಿ ನಿಲ್ಲಿಸಿ, ಧಾರಾಳವಾಗಿಯೇ ಬಳಿದಳು. ಮರುದಿನ ಸೆರಗಿನಿಂದ ಒರೆಸಿ ಫಳಫಳ ಮಾಡಿಟ್ಟಳು.

ಆ ಡಿಸ್ಕಿನಲ್ಲಿದ್ದದ್ದು ಸೌಂದರ್ಯಳ ಹನ್ನೊಂದು ತಿಂಗಳ ಕೆಲಸ. ಸೌಂದರ್ಯ ಮೊಳಕಾಲ್ಮೂರಿನ ನೇಕಾರ ಯರ್ರಪ್ಪನ ಮಗಳು. ದಾಕ್ಷಾಯಿಣಿಯ ಗಂಡ ಚಂದ್ರಶೇಖರ್ ಆ ಊರಲ್ಲೊಂದು ಕೋಣೆ ಹಿಡಿದು, ಹಳೆಯ ಕಂಪ್ಯೂಟರ್ ಇಟ್ಟು, ಸೀರೆಯ ಅಂಚು ಸೆರಗುಗಳ ವಿನ್ಯಾಸ ಬರೆಯಲು ಅವಳನ್ನು ಕೂರಿಸಿದ್ದ. ಮಗ್ಗಕ್ಕೆ ಬೇಕಾದ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆಸುತ್ತಿದ್ದದ್ದು ಆ ವಿನ್ಯಾಸ ನೋಡಿಯೇ. ಆ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಎಲ್ಲವೂ ಡಿಸ್ಕಿಗೇ ಹೋಗುತ್ತಿತ್ತು. ಶನಿವಾರ ಸೌಂದರ್ಯ ವಾರದ ಕೆಲಸ ತೋರಿಸಲು ಅದನ್ನು ಬಸ್ಸಿನಲ್ಲಿ ತಂದು ಅಂಗಡಿಯಲ್ಲಿ ಕೊಡುವಳು, ಸೋಮವಾರ ಬಂದು ಒಯ್ಯುವಳು.

ಹಬ್ಬ ಕಳೆದ ಸೋಮವಾರ ಬೆಳಿಗ್ಗೆ ಒಯ್ದವಳು ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದಳು.

"ಕಂಪ್ಯೂಟರ್ ಇದನ್ನ ಗುರ್ತೇ ಹಿಡೀತಿಲ್ಲಣ್ಣಾ" ಎಂದಳು.

ಚಂದ್ರಶೇಖರ್ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ ನೋಡಿದ. ಡಿಸ್ಕಿನ ದೀಪ ಹತ್ತಿತು, ಪರದೆಯ ಮೇಲೆ ಮಾತ್ರ ಡಿಸ್ಕಿನ ಹೆಸರಿಲ್ಲ. ಕೇಬಲ್ ಬದಲಾಯಿಸಿದ, ಹಿಂದಿನ ತೂತಿಗೆ ಹಾಕಿದ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಕೊನೆಗೆ ರಿಪೇರಿಯ ವಿಶ್ವನಾಥನಿಗೆ ಫೋನು ಮಾಡಿದ. ಅತ್ತಲಿಂದ ಕೇಳಿದ್ದನ್ನೇ ಇತ್ತ ಸೌಂದರ್ಯಳಿಗೆ ಕೇಳಿದ:

"ಎಲ್ಲಾದ್ರೂ ಬೀಳಿಸಿದ್ಯಾ? ನೀರು ಗೀರು ತಾಗೈತಾ?"

"ಇಲ್ಲಣ್ಣಾ. ಬಸ್ನಾಗೆ ಮಡ್ಲಲ್ಲೇ ಇಟ್ಕಂಡಿದ್ದೆ."

"ಮಡ್ಲಲ್ಲಿ ಇಟ್ಕಂಡಿದ್ದು ಅದ್ಹೆಂಗೆ ಹಾಳಾಗ್ತೈತೆ? ಬೀಳಿಸಿದ್ದೂ ಅಲ್ದೆ ಸುಳ್ಳು ಬೇರೆ ಹೇಳ್ತೀಯಾ? ನಾಳೆಯಿಂದ ಬರಬ್ಯಾಡ."

ಸೀರೆ ಕೊಡಲು ಬಂದಿದ್ದ ನೇಕಾರರಾದ ಹುಲಿಯಪ್ಪ, ಮುದ್ದಪ್ಪ ಅಲ್ಲೇ ಚಾಪೆಯ ಮೇಲೆ ಕುಳಿತಿದ್ದರು. ಇಬ್ಬರೂ ಸೌಂದರ್ಯಳ ಕೇರಿಯವರೇ. ಇಬ್ಬರೂ ತಲೆ ತಗ್ಗಿಸಿದರು.

ಕಾಫಿ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ದಾಕ್ಷಾಯಿಣಿಗೆ ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ಹಬ್ಬದ ದಿನ ನೆನಪಾಯಿತು. ಮೂರು ಬೆರಳ ನಡುವಿನಿಂದ ಜಾರಿದ ವಿಭೂತಿ ನೀರು ಆ ಸಣ್ಣ ತೂತಿನೊಳಗೆ ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಗಂಡನೇನು ಹೊಡೆಯುವವನಲ್ಲ, ಬಡಿಯುವವನಲ್ಲ. ಆದರೆ ಇಪ್ಪತ್ತು ವರ್ಷದಿಂದ ಅಚ್ಚುಕಟ್ಟಿನ ಹೆಂಗಸು ಎನಿಸಿಕೊಂಡು ಬಂದವಳು, ನಾಲ್ಕು ಜನರೆದುರು ದಡ್ಡಿ ಅನ್ನಿಸಿಕೊಳ್ಳುವುದು ಹೇಗೆ? ಇಷ್ಟೇ ಕಾರಣ. ಇಷ್ಟಕ್ಕೇ ಒಂದು ಹುಡುಗಿಯ ಕೆಲಸ ಹೋಯಿತು, ಹೆಸರೂ ಹೋಯಿತು.

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಲಿಂಗಪೂಜೆಗೆ ಕುಳಿತು ವಿಭೂತಿ ಗಟ್ಟಿ ಮುಟ್ಟಿದರೆ ಸೌಂದರ್ಯ ಮೆಟ್ಟಿಲಿಳಿದು ಹೋದದ್ದೇ ಕಣ್ಣಮುಂದೆ ಬರುತ್ತಿತ್ತು. ನಾಲ್ಕನೆಯ ದಿನ ಡಿಸ್ಕನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಸೀದಾ ವಿಶ್ವನಾಥನ ಅಂಗಡಿಗೆ ಹೋದಳು.

ಅವನು ಟಾರ್ಚು ಬಿಟ್ಟು ತೂತಿನೊಳಗೆ ನೋಡಿದ.

"ಒಳಗೆ ಬೆಳ್ಳಗೆ ಹೆಪ್ಪುಗಟ್ಟೈತಲ್ಲಕ್ಕಾ. ಸುಣ್ಣನಾ?"

"ವಿಭೂತಿ" ಎಂದಳು. ಮೊದಲ ಸಲ ಅದು ಬಾಯಿಂದ ಹೊರಬಿದ್ದದ್ದು ಸಂಬಂಧವಿಲ್ಲದವನ ಮುಂದೆ.

ವಿಶ್ವನಾಥ್ ಸಣ್ಣ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದ, ಅರ್ಧ ಗಂಟೆ ಆರಲು ಬಿಟ್ಟ, ಆಮೇಲೆ ಹೊಸ ಕೇಬಲ್ಲಿನಲ್ಲಿ ಚುಚ್ಚಿದ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದವು: ಮಾವು, ಗಿಳಿ, ರುದ್ರಾಕ್ಷಿ, ತೇರು.

"ಡಿಸ್ಕಿಗೆ ಏನೂ ಆಗಿಲ್ಲ. ಕರೆಂಟ್ ಒಳಗೆ ಬರ್ತಿತ್ತು, ಅದ್ಕೇ ದೀಪ ಹತ್ತಿದ್ದು. ಉಳಿದ ಪಿನ್ನು ಮುಚ್ಕಂಡಿದ್ವು ಅಷ್ಟೇ. ಅಣ್ಣೋರಿಗೆ ನಾನೇ ಫೋನ್ ಮಾಡಿ ಹೇಳ್ಲಾ?"

"ಬ್ಯಾಡಪ್ಪಾ, ನಾನೇ ಹೇಳ್ತೀನಿ."

ಡಿಸ್ಕು ತಾನಾಗೇ ಸರಿಹೋಯಿತು ಎಂದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಅವಳಿಗೆ ಬರದೆ ಇರಲಿಲ್ಲ. ಬಂತು, ಬಸ್ ಸ್ಟ್ಯಾಂಡಿನವರೆಗೂ ಜೊತೆಯಲ್ಲೇ ಬಂತು. ಆ ಯೋಚನೆಯನ್ನು ಅಲ್ಲೇ ಬಿಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದಳು.

ಯರ್ರಪ್ಪನ ಮನೆಯಲ್ಲಿ ಸೌಂದರ್ಯಳ ತಾಯಿ ಕರಿಯಕ್ಕ ಬಾಗಿಲಲ್ಲೇ ಕೈ ಮುಗಿದಳು.

"ನಮ್ಮುಡುಗಿ ತಪ್ಪು ಒಪ್ಕಂಡಾಳಮ್ಮಾ. ಕ್ಷಮಿಸಿ ಬಿಡ್ರಿ."

ಸೌಂದರ್ಯ ಒಳಗಿನಿಂದ ಬಂದಳು. ಮುಖ ಇಳಿದಿತ್ತು. "ತಳಕು ಊರು ದಾಟಿದ ಮ್ಯಾಲೆ ಬಸ್ಸು ಒಂದು ಗುಂಡಿಗೆ ಇಳೀತಕ್ಕಾ. ಆವಾಗ್ಲೇ ಚೀಲ ಮುಂದಿನ ಸೀಟಿಗೆ ತಾಗಿರಬೇಕು. ಯೋಚ್ನೆ ಮಾಡಿ ಮಾಡಿ ನೆನಪಾತು."

ಮಾಡದ ತಪ್ಪನ್ನು ಹುಡುಕಿ ಹುಡುಕಿ ನೆನಪು ಮಾಡಿಕೊಂಡಿದ್ದಳು. ದಾಕ್ಷಾಯಿಣಿ ಮಗ್ಗದ ಕಟ್ಟೆ ಹಿಡಿದು ಕುಳಿತು, ವಿಭೂತಿಯ ನೀರಿನಿಂದ ಹಿಡಿದು ಬಾಗಿಲಲ್ಲಿ ಬಾಯಿ ಮುಚ್ಚಿ ನಿಂತದ್ದರವರೆಗೆ ಎಲ್ಲ ಹೇಳಿದಳು.

ಸೌಂದರ್ಯ ತಲೆಯೆತ್ತಿದಳು.

"ಇಲ್ಲಿ ಹೇಳಿದ್ರೆ ಏನು ಬಂತಕ್ಕಾ. ನಂಗೆ ಅಂದಿದ್ದು ಅಂಗಡ್ಯಾಗೆ."

"ಹಂಗಾದ್ರೆ ಅಲ್ಲೇ ಹೇಳ್ತೀನಿ. ಹುಲಿಯಪ್ಪ, ಮುದ್ದಪ್ಪ ಇಬ್ರನ್ನೂ ಕರಿ."

ಮರುದಿನ ಬೆಳಿಗ್ಗೆ ಸೌಂದರ್ಯ, ಹುಲಿಯಪ್ಪ, ಮುದ್ದಪ್ಪ ಮೂವರೂ ಚಳ್ಳಕೆರೆಯ ಅಂಗಡಿಗೆ ಬಂದರು. ದಾಕ್ಷಾಯಿಣಿ ಡಿಸ್ಕನ್ನು ಗಂಡನ ಮುಂದಿಟ್ಟು, ನಿಂತುಕೊಂಡೇ ಒಂದಕ್ಷರ ಬಿಡದೆ ಹೇಳಿದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದಳು.

ಚಂದ್ರಶೇಖರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲಾ ಕಣೇ, ಇದಕ್ಕೂ ವಿಭೂತಿ ಹಚ್ಚಿದ್ಯಾ? ಇರ್ಲಿ ಬಿಡು, ಭಕ್ತೀಲಿ ಮಾಡಿದ್ದು. ಅದರಲ್ಲೇನು ತಪ್ಪೈತೆ?"

ಹುಲಿಯಪ್ಪ, ಮುದ್ದಪ್ಪ ಕೂಡ ಸಾಹುಕಾರರ ಜೊತೆ ಅಷ್ಟಿಷ್ಟು ನಕ್ಕರು. ಸೌಂದರ್ಯ ನಗಲಿಲ್ಲ.

ಬೈದಿದ್ದರೆ ದಾಕ್ಷಾಯಿಣಿಗೆ ಎಷ್ಟೋ ವಾಸಿಯಿತ್ತು. ಈ ನಗುವಿಗೆ ಹೆದರಿ ತಾನು ಆ ಹುಡುಗಿಯನ್ನು ಬಲಿ ಕೊಟ್ಟೆನೇ ಎಂದು ನಾಚಿಕೆಯಿಂದ ಮುಖವೆಲ್ಲ ಉರಿಯಿತು.

"ನಗಬ್ಯಾಡ್ರಿ" ಎಂದಳು. "ನಂಗೆ ಇರ್ಲಿ ಬಿಡು ಅಂತೀರಿ. ಅವತ್ತು ಅವಳಿಗೆ ಯಾಕ್ರಿ ಹಂಗನ್ನಲಿಲ್ಲ?"

ಚಂದ್ರಶೇಖರನ ನಗು ನಿಂತಿತು. ಡಿಸ್ಕನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ಸೋಮವಾರದಿಂದ ಬಂದ್ಬಿಡಮ್ಮಾ" ಎಂದ, ಸೌಂದರ್ಯಳ ಮುಖ ನೋಡದೆ.

"ಯೋಚ್ನೆ ಮಾಡಿ ಹೇಳ್ತೀನಣ್ಣಾ" ಎಂದು ಸೌಂದರ್ಯ ಚಪ್ಪಲಿ ಮೆಟ್ಟಿದಳು.

ದಾಕ್ಷಾಯಿಣಿ ಅವಳನ್ನು ತಡೆಯಲಿಲ್ಲ. ಕಾಫಿ ಕುಡಿದು ಹೋಗು ಎನ್ನಲೂ ಅವಳಿಗೆ ಬಾಯಿ ಬರಲಿಲ್ಲ.