ಚಿಕ್ಕಮ್ಮನ ಕೋಟಿನ ಸೂಜಿಗಳು

ನಮ್ಮ ಚಿಕ್ಕಮ್ಮನನ್ನು ಅಪ್ಪಿಕೊಳ್ಳುವವರು ಸ್ವಲ್ಪ ನೋಡಿಕೊಂಡು ಅಪ್ಪಿಕೊಳ್ಳಬೇಕು. ಚಳಿಯಿರಲಿ, ಸೆಕೆಯಿರಲಿ, ಆಕೆ ತೊಡುವುದು ಯಾವನೋ ಗಿರಾಕಿ ಹೊಲಿಯಲು ಬಟ್ಟೆ ಕೊಟ್ಟು ಮತ್ತೆ ಇತ್ತ ತಲೆಹಾಕದೆ ಹೋದ ಒಂದು ಬೂದುಬಣ್ಣದ ಗಂಡಸರ ಕೋಟು. ಅದರ ಎದೆಯ ಮಡಿಕೆಯಲ್ಲಿ, ಬೇರೆಯವರು ಹೂವನ್ನೋ ಪದಕವನ್ನೋ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಬಣ್ಣಬಣ್ಣದ ದಾರದ ಬಾಲ ಬಿಟ್ಟುಕೊಂಡ ಹತ್ತಾರು ಸೂಜಿಗಳು ಸದಾ ಸನ್ನದ್ಧವಾಗಿರುತ್ತವೆ. ಆಕೆ ಪ್ರೀತಿಯಿಂದ ಎದೆಗೊತ್ತಿಕೊಂಡಾಗ ಹಾಯ್ ಎನ್ನದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಅದನ್ನು ಆಕೆಗೆ ಹೇಳಿ ಗೆದ್ದವರೂ ಇಲ್ಲ.

ಚಿಕ್ಕಮ್ಮ ದರ್ಜಿ. ಬದುಕೆಲ್ಲ ಹೊಲಿಗೆಯಲ್ಲೇ ಕಳೆದದ್ದರಿಂದ, ನಡೆಯುವಾಗಲೂ ಆಕೆಯ ಬಲಗಾಲು ಯಂತ್ರದ ಪೆಡಲು ರಸ್ತೆಯುದ್ದಕ್ಕೂ ಹಾಸಿದೆಯೇನೋ ಎಂಬಂತೆ ನೆಲವನ್ನು ಒತ್ತಿ ಒತ್ತಿ ಬಿಡುತ್ತದೆ. ಯಾರು ಯಾವ ಸಂಕಟ ತೋಡಿಕೊಂಡರೂ ಆಕೆಯ ಬಾಯಿಂದ ಬರುವ ಮಾತು ಒಂದೇ: "ಇಷ್ಟೇ ತಾನೆ!" ಗೋಡೆ ಬಿರುಕು ಬಿಟ್ಟಿದೆಯೆ? ಇಷ್ಟೇ ತಾನೆ. ಹಲ್ಲುನೋವೆ? ಇಷ್ಟೇ ತಾನೆ. ಒಮ್ಮೆ ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ನನ್ನ ಹೆಂಡತಿ ಬಾಯಿತಪ್ಪಿ ಅಂದಳು. ನಾನು ಕೆಲಸದಿಂದ ಬರುವಷ್ಟರಲ್ಲಿ ಚಿಕ್ಕಮ್ಮ ಅದಕ್ಕೆ ಹಳೆಯ ಪ್ಯಾಂಟಿನ ತುಂಡು ಸುತ್ತಿ, ದಾರ ಬಿಗಿದು, ಅಂದವಾಗಿ ಗಂಟು ಹಾಕಿ ಹೋಗಿದ್ದಳು. ಗಂಟು ಹಾಗೇ ನಿಂತಿತು. ನಲ್ಲಿ ಗೋಡೆಯಿಂದ ಕಿತ್ತುಬಂತು.

ಇನ್ನೂ ಮೈಯುರಿಸುವ ಸಂಗತಿ ಎಂದರೆ, ಆಕೆಯ ಕಸುಬಿಗೆ ಬೇರೆಯವರು ಕೈಹಾಕಿದರೆ ಮಾತ್ರ ಆಕೆ ಚಂಡಿ. ಯಾರಾದರೂ ತಾವೇ ಕತ್ತರಿ ಆಡಿಸಿ, ತೋಳು ಗಿಡ್ಡವಾಗಿಯೋ ಕುತ್ತಿಗೆ ಓರೆಯಾಗಿಯೋ ಹೋದ ಅಂಗಿಯನ್ನು ಮುದುಡಿಕೊಂಡು ಬಂದರೆ, ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿಹಿಡಿದು ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು: "ಮನೇಲೇ ಕತ್ತರಿಸಿ, ಕೆಡಿಸಿ, ಕೊನೇಗೆ ನನ್ನ ಹತ್ರ ತರ್ತೀರ. ಮೊದ್ಲೇ ಬರೋಕೆ ಏನಾಗಿತ್ತು ದೊಡ್ಡ ರೋಗ?" ಬಂದವರು ತಲೆತಗ್ಗಿಸಿ ನಿಲ್ಲುತ್ತಿದ್ದರು.

ಇಂಥಾಕೆ ನಮ್ಮ ಮನೆಯ ಹೆಣ್ಣುಮಕ್ಕಳ ಕಿವಿಗಳನ್ನೆಲ್ಲ ತನ್ನ ಹೊಲಿಗೆ ಸೂಜಿಯಲ್ಲೇ ಚುಚ್ಚಿ ಮುಗಿಸಿದ್ದಳು. ಒಬ್ಬಳದು ಮೇಲಾಯಿತು, ಇನ್ನೊಬ್ಬಳದು ಅಂಚಿಗೆ ಬಂತು. ನನ್ನ ತಂಗಿಯ ಎಡಗಿವಿಯ ತೂತಿಗೂ ಬಲಗಿವಿಯ ತೂತಿಗೂ ಇವತ್ತಿನವರೆಗೆ ಹೊಂದಾಣಿಕೆಯಿಲ್ಲ. ಅವಳು ಕನ್ನಡಿ ನೋಡಿ ಅತ್ತಾಗ ಚಿಕ್ಕಮ್ಮ ಕೊಟ್ಟ ಪರಿಹಾರ: "ಕತ್ತು ಒಂಚೂರು ಓರೆ ಮಾಡಿ ನಿಂತ್ಕೋ, ಸರಿಹೋಗುತ್ತೆ." ಕಿವಿಯ ತುದಿ ಬರೀ ಮಾಂಸ, ಹೇಗೋ ಮಾಯ್ದುಕೊಂಡಿತು. ಆ ಅದೃಷ್ಟವನ್ನೆಲ್ಲ ಆಕೆ ತನ್ನ ಕೈಗುಣದ ಲೆಕ್ಕಕ್ಕೆ ಬರೆದುಕೊಂಡಳು.

ನನ್ನ ಮಗಳಿಗೆ ಕಿವಿಯ ಮೇಲಂಚಿನಲ್ಲಿ ಒಂದು ಸಣ್ಣ ಉಂಗುರ ಬೇಕೆನ್ನಿಸಿತು. ಅವಳು ಹುಡುಗುಬುದ್ಧಿಯವಳಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಹಚ್ಚೆ ಹಾಕುವ, ಕಿವಿಮೂಗು ಚುಚ್ಚುವ ಅಂಗಡಿಯಿದೆ. ಅದನ್ನು ನಡೆಸುವ ಹೆಂಗಸನ್ನು ಕಂಡು, ಕೇಳಬೇಕಾದ್ದೆಲ್ಲ ಕೇಳಿ, ನಮ್ಮನ್ನೂ ಒಪ್ಪಿಸಿ, ದಿನವನ್ನೂ ಗೊತ್ತುಮಾಡಿಕೊಂಡು ಬಂದಿದ್ದಳು. ಆ ಸಂತೋಷವನ್ನು ಚಿಕ್ಕಮ್ಮನ ಹೊಲಿಗೆಯಂಗಡಿಯಲ್ಲಿ ಹೇಳಿಕೊಂಡದ್ದೇ ತಪ್ಪಾಯಿತು.

"ಅವಳ್ಯಾರಿಗೋ ಕಿವಿ ಕೊಡ್ತೀಯಾ? ನಾನೇನು ಸತ್ತುಹೋಗಿದೀನಾ?"

"ಇದು ತುದಿ ಅಲ್ಲ ಚಿಕ್ಕಜ್ಜಿ, ಮೇಲ್ಗಡೆ. ಅಲ್ಲಿ ಮೆದು ಎಲುಬಿರುತ್ತಂತೆ, ಹಾಗೆಲ್ಲ ಚುಚ್ಚಬಾರದಂತೆ."

"ಇಷ್ಟೇ ತಾನೆ! ಕೋಟಿನ ಕಾಲರಿಗಿಂತ ಗಟ್ಟೀನಾ ನಿನ್ನ ಕಿವಿ?"

ಚಿಕ್ಕಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಕಿವಿಗೆ ಗುರುತು ಹಾಕಿದಳು. ಎದೆಯ ಮಡಿಕೆಯಿಂದ ಒಂದು ದಪ್ಪ ಸೂಜಿ ಕಿತ್ತು, ಕೋಟಿನ ತೋಳಿಗೆ ಒರೆಸಿ, ಬೆರಳಿಗೆ ಲೋಹದ ಟೋಪಿ ತೊಟ್ಟು, ಕಾಲರಿನ ಕ್ಯಾನ್ವಾಸಿಗೆ ನುಗ್ಗಿಸುವ ಹಾಗೆ ನುಗ್ಗಿಸಿದಳು. ಉಂಗುರ ಆಮೇಲೆ ಹಾಕಿಕೊಳ್ಳಲಿ ಎಂದು, ಮೇಣ ತೀಡಿದ ಎರಡೆಳೆ ನೀಲಿ ದಾರ ಪೋಣಿಸಿ ಗಂಟು ಹಾಕಿದಳು. ಪ್ರೀತಿಸುವವರಿಗೆ ಬೇಡ ಎನ್ನಲು ಬಾರದ ನನ್ನ ಮಗಳು ಹಲ್ಲುಕಚ್ಚಿ ಕೂತಿದ್ದಳಂತೆ.

ಕೆಲವೇ ದಿನಕ್ಕೆ ಕಿವಿ ಊದಿ, ಕೆಂಡದ ಹಾಗೆ ಬಿಸಿಯಾಗಿ, ಹುಡುಗಿಗೆ ಆ ಮಗ್ಗುಲಿಗೆ ತಿರುಗಿ ಮಲಗಲೂ ಆಗದಾಯಿತು. ಅಷ್ಟು ದಿನ ಕೂದಲು ಇಳಿಬಿಟ್ಟು ನಮ್ಮಿಂದ ಮುಚ್ಚಿಟ್ಟಿದ್ದಳು, ಚಿಕ್ಕಜ್ಜಿಗೆ ಬೈಗುಳ ಬೀಳುತ್ತದಲ್ಲ ಎಂದು! ಚಿಕ್ಕಮ್ಮನಿಗೆ ಹೇಳಿಕಳಿಸಿದರೆ ಆಕೆ ಬಂದವಳೇ ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಬಟ್ಟೆ ಬಿಸಿಮಾಡಿ ಶಾಖ ಕೊಡಲು ಹೊರಟಳು. ನನಗೆ ತಲೆ ಕೆಟ್ಟುಹೋಯಿತು. "ಚಿಕ್ಕಮ್ಮ, ಇದು ಸುಕ್ಕಾದ ಅಂಗಿಯಲ್ಲ, ನನ್ನ ಮಗಳ ಕಿವಿ!" ಎಂದು ಕಿರುಚಿದೆ. "ಊದಿದ್ರೆ ಒಳ್ಳೇದು ಕಣೋ, ಒಳಗಿರೋದು ಹೊರಗೆ ಬರುತ್ತೆ. ದಾರ ತೆಗ್ದು ಉಂಗುರ ಹಾಕಿಸಿದ್ರೆ ಗಾಳಿ ಆಡುತ್ತೆ, ಇಷ್ಟೇ ತಾನೆ," ಎಂದು ಆಕೆ ನನಗೇ ಸಮಾಧಾನ ಹೇಳಿದಳು. ಮಗಳು ಚಪ್ಪಲಿ ಮೆಟ್ಟಿ ತಿರುವಿನ ಅಂಗಡಿಯ ಕಡೆ ನಡೆದಳು. ಹಿಂದಿನಿಂದ ನಾನು, ನನ್ನ ಹಿಂದೆ ರಸ್ತೆಯನ್ನು ಒತ್ತುತ್ತಾ ಚಿಕ್ಕಮ್ಮ.

ಅಂಗಡಿಯ ಹೆಂಗಸು ಮೊದಲು ಸೋಪು ಹಾಕಿ ಕೈ ತೊಳೆದಳು. ಅದೂ ಎಷ್ಟು ಹೊತ್ತು, ಚಿಕ್ಕಮ್ಮ ಚಡಪಡಿಸುವಷ್ಟು. ಆಮೇಲೆ ಕೈಗವಸು ಬಿಗಿದು, ದೀಪ ಎಳೆದುಕೊಂಡು, ಕಿವಿಗೆ ಬೆರಳು ಸೋಕಿಸದೆ ಹಿಂದೆಮುಂದೆ ನೋಡಿದಳು. ಅವಳ ಪಕ್ಕದಲ್ಲಿ ಸೂಜಿಗಳು ಒಂದೊಂದೂ ಬೇರೆಬೇರೆ ಪೊಟ್ಟಣದಲ್ಲಿ ಮೊಹರಾಗಿ ಕೂತಿದ್ದವು. ನೋಡಿ ಮುಗಿಸಿ, ದಾರ ಕಟ್ಟಿದ ಕೈ ಯಾರದೆಂದು ಅರಿಯದೆ, ಬೇಸರದಿಂದ ಅಂದಳು: "ಮನೇಲೇ ಚುಚ್ಚಿ, ಕೆಡಿಸಿ, ಕೊನೇಗೆ ನನ್ನ ಹತ್ರ ತರ್ತೀರ. ನಾನು ಇದನ್ನ ಮುಟ್ಟಲ್ಲ. ದಾರಾನೂ ನೀವಾಗೇ ಎಳೀಬೇಡಿ. ಈಗಿಂದೀಗ್ಲೇ ಡಾಕ್ಟರ ಹತ್ರ ಹೋಗಿ. ಮೆದು ಎಲುಬಿಗೆ ಕೀವು ಇಳಿದ್ರೆ ಕಿವಿ ಕುಸಿದುಹೋಗುತ್ತೆ."

ನಾನು ಚಿಕ್ಕಮ್ಮನ ಮುಖ ನೋಡಿದೆ. ಆಕೆಯ ಬಾಯಿ ತೆರೆದಿತ್ತು. ಇಷ್ಟೇ ತಾನೆ ಎಂಬ ಮಾತು ಬರಲಿಲ್ಲ.

ಡಾಕ್ಟರು ದಾರ ಕತ್ತರಿಸಿ, ಕೊಯ್ದು ಕೀವು ತೆಗೆದು, ಮದ್ದಿನ ಮೇಲೆ ಮದ್ದು ಕೊಟ್ಟರು. "ಕಿವಿ ಉಳೀತು. ಆಕಾರ ಮಾತ್ರ ಮೊದಲಿನ ಹಾಗಾಗಲ್ಲ," ಎಂದರು. ಪಟ್ಟಿ ಬಿಚ್ಚಿದ ದಿನ ಮೇಲಂಚು ಒಳಕ್ಕೆ ಮುದುಡಿ, ದಾರ ಬಿಗಿಯಾಗಿ ಎಳೆದ ಹೊಲಿಗೆಯಂತೆ ಸುಕ್ಕುಗಟ್ಟಿತ್ತು. ಚಿಕ್ಕಮ್ಮ ಕನ್ನಡಕ ಏರಿಸಿ, ಗಿರಾಕಿಯ ಬಟ್ಟೆ ಪರೀಕ್ಷಿಸುವ ಅದೇ ಗಾಂಭೀರ್ಯದಿಂದ ಬಹಳ ಹೊತ್ತು ನೋಡಿದಳು.

"ಬಟ್ಟೆ ಆಗಿದ್ದಿದ್ರೆ ಬಿಚ್ಚಿ ಮತ್ತೆ ಹೊಲಿದುಬಿಡ್ತಿದ್ದೆ ಕಣೇ," ಎಂದಳು.

"ಬಿಡಿ ಚಿಕ್ಕಜ್ಜಿ. ಕೂದ್ಲು ಮುಚ್ಚುತ್ತೆ," ಎಂದಳು ಮಗಳು.

ಅಷ್ಟಕ್ಕೇ ಆಕೆ ಸುಧಾರಿಸಿದಳು ಎಂದುಕೊಂಡರೆ ನಿಮಗೆ ನಮ್ಮ ಚಿಕ್ಕಮ್ಮ ಗೊತ್ತಿಲ್ಲ. ಈಗ ನೆಂಟರಿಷ್ಟರಲ್ಲಿ ಯಾವ ಹುಡುಗಿ ಕಿವಿ ಚುಚ್ಚಿಸಿಕೊಂಡರೂ, ಯಾವ ಹುಡುಗ ತೋಳಿಗೆ ಹಚ್ಚೆ ಹಾಕಿಸಿಕೊಂಡರೂ ಜೊತೆಗೆ ಚಿಕ್ಕಮ್ಮ ಹಾಜರು. "ಪೊಟ್ಟಣ ನನ್ನ ಕಣ್ಣೆದುರೇ ಒಡಿ, ಕೈ ಇನ್ನೊಂದ್ಸಲ ತೊಳಿ, ಆ ಶಾಯಿ ಹೊಸದಾ?" ಎಂದು ಪ್ರಾಣ ತಿಂದು, ಅಂಗಡಿಯ ಹೆಂಗಸು ಆ ಬೂದು ಕೋಟು ದೂರದಲ್ಲಿ ಕಂಡರೇ ನಿಟ್ಟುಸಿರು ಬಿಡುವಂತೆ ಮಾಡಿದ್ದಾಳೆ. ಮೊನ್ನೆ ನಾನು ಕಾಲಿಗೆ ಹೊಕ್ಕ ಸಿಬಿರನ್ನು ಕೀಳುತ್ತಿದ್ದರೆ, "ಕಲಿತೋರು ಇಲ್ವಾ? ಎಲ್ಲಾ ನೀನೇ ಯಾಕೆ ಮಾಡ್ಕೋಬೇಕು?" ಎಂದು ನನಗೇ ಗದರಿದಳು. ಗದರುತ್ತಿದ್ದಾಗ ನಮ್ಮ ಹೊಸ ನಲ್ಲಿಗೆ ದಾರ ಸುತ್ತುತ್ತಿದ್ದಳು.

ಇಂಥವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ. ಅವರಲ್ಲಿ ಕೇಡಿಲ್ಲ, ಕೇಡಿದ್ದಿದ್ದರೆ ಬೈದು ದೂರವಿಡುವುದು ಎಷ್ಟು ಸುಲಭವಾಗುತ್ತಿತ್ತು! ಊರವರ ಬಟ್ಟೆಗೆ ಅಳತೆಯಿಲ್ಲದೆ ಕತ್ತರಿ ತಾಗಿಸದ ಈ ಜನ, ತಮ್ಮವರ ಮೈಯನ್ನು ಮಾತ್ರ ಕಣ್ಣಂದಾಜಿನಲ್ಲಿ ಚುಚ್ಚಿಬಿಡುತ್ತಾರೆ; ತಮ್ಮವರೆಂದ ಮೇಲೆ ಅವರ ಮೈಯೂ ತಮಗೆ ತಿಳಿದೇ ಇದೆ ಎಂದು ನಂಬಿರುತ್ತಾರೆ. ಆ ನಂಬಿಕೆ ಅವರಲ್ಲಿ ಪೂರ್ತಿ ಹೋಗುವುದಿಲ್ಲ, ಒಬ್ಬರ ಮಟ್ಟಿಗೆ ಮಾತ್ರ ಹೋಗುತ್ತದೆ, ಅದೂ ಆ ಒಬ್ಬರು ನೋವು ತಿಂದ ಮೇಲೆ. ನಮ್ಮನ್ನೆಲ್ಲ ಚಿಕ್ಕಮ್ಮ ಇಂದಿಗೂ ಸೂಜಿಗಳ ಸಮೇತ ಅಪ್ಪಿಕೊಳ್ಳುತ್ತಾಳೆ. ನನ್ನ ಮಗಳು ಹೋದರೆ ಮಾತ್ರ ಮೊದಲು ಕೋಟು ಕಳಚಿ ಗೋಡೆಯ ಮೊಳೆಗೆ ತೂಗುಹಾಕಿ, ಆಮೇಲೆ ತೋಳು ಚಾಚುತ್ತಾಳೆ.