ಎರಡು ಹಲಗೆಗಳ ನಡುವಿನ ಎತ್ತರ

ಕಾರ್ಯಾಗಾರದ ಉದ್ದ ಮೇಜಿನ ಮೇಲೆ ಎರಡು ಉಬ್ಬುನಕ್ಷೆಗಳಿದ್ದವು, ಒಂದೊಂದೂ ಒಂದು ಹಲಗೆಯ ಮೇಲೆ. ಒಂದರಲ್ಲಿ ನೀಲಿ ಸರೋವರ, ಅದರ ಸುತ್ತ ಹಳದಿ ಬಯಲು. ಇನ್ನೊಂದರಲ್ಲಿ ಕಿರಿದಾದ ನದಿಕಣಿವೆ, ಅದರ ಕೊನೆಗೆ ಗೋಡೆಯ ಹಾಗೆ ಎದ್ದ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಒಂದು ತಗ್ಗು. ಆ ತಗ್ಗನ್ನು ಚಾರಣಿಗರು ಪಾಸ್ ಅನ್ನುತ್ತಾರೆ; ಬೆಟ್ಟದ ಆಚೆ ಇಳಿಯುವವರು ಅದರ ಮೂಲಕವೇ ಹೋಗಬೇಕು. ಎರಡೂ ಬಹು ಎತ್ತರದಲ್ಲಿರುವ ಒಂದೇ ಮರುಭೂಮಿಯ ತುಂಡುಗಳು. ಮಳೆ ಬೀಳದ, ಮರವಿಲ್ಲದ, ಕಲ್ಲಿಗೇ ನಾನಾ ಬಣ್ಣವಿರುವ ನಾಡು.

ಶಾಲೆ ಕಾಲೇಜುಗಳಿಗೆ ಇಂಥ ನಕ್ಷೆ ಮಾಡಿಕೊಡುವುದೇ ಅಕ್ಕ ತಮ್ಮಂದಿರ ಕಸುಬು. ಭೂಪಟದಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುತ್ತವಲ್ಲ, ಆ ಗೆರೆಗಳ ಗುಂಟ ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸುವವನು ತಮ್ಮ. ಆಗ ಬೆಟ್ಟ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಮೆಟ್ಟಿಲುಗಳನ್ನು ಪ್ಲಾಸ್ಟರಿನಿಂದ ತುಂಬಿ, ನಯ ಮಾಡಿ, ಬಣ್ಣ ಹಚ್ಚುವವಳು ಅಕ್ಕ. ಆ ಪಾಸನ್ನು ಹೆಬ್ಬೆರಳಿನಿಂದ ಎಷ್ಟು ಸಲ ತೀಡಿದ್ದಳೋ ಅವಳಿಗೇ ಲೆಕ್ಕವಿಲ್ಲ. ಒಮ್ಮೆ ಕಾಲಿನಿಂದ ದಾಟಬೇಕು ಅನ್ನುವುದು ಬಹಳ ಹಳೆಯ ಆಸೆ.

ಹೋದ ವರ್ಷ ನ್ಯುಮೋನಿಯ ಬಂದು ಆ ಆಸೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಈಗ ವೈದ್ಯೆ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಹೋಗಿ ಬನ್ನಿ. ಹಗಲು ಎಷ್ಟು ಎತ್ತರ ಹತ್ತಿದ್ರಿ ಅನ್ನೋದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದ್ರಿ ಅನ್ನೋದು ಮುಖ್ಯ. ನಿಧಾನವಾಗಿ ಏರಿ," ಎಂದಿದ್ದರು. ಅಷ್ಟು ಸಾಕಾಗಿತ್ತು. ಚಾರಣದ ಏಜೆಂಟನ ಬಳಿ ಈ ಋತುವಿಗೆ ಎರಡು ತಂಡಗಳಲ್ಲಿ ಮಾತ್ರ ಜಾಗವಿತ್ತು: ಸರೋವರದ್ದು ಒಂದು, ಪಾಸಿನದು ಒಂದು. ಸೋಮವಾರದೊಳಗೆ ಹೇಳಬೇಕಿತ್ತು. ಜೊತೆಗೆ ತಮ್ಮ ಬರದಿದ್ದರೆ ಅಕ್ಕ ಹೋಗುವಂತಿರಲಿಲ್ಲ. ಆ ಮಾತು ಆಸ್ಪತ್ರೆಯಲ್ಲೇ ಆಗಿತ್ತು.

"ಸರೋವರಕ್ಕೆ ಹೋಗೋಣ ಅಕ್ಕ," ಎಂದ ತಮ್ಮ. "ಜೀಪು ದಡದ ತನಕ ಹೋಗುತ್ತೆ. ಆಮೇಲೆ ಬಟ್ಟಬಯಲು. ಸುಮ್ಮನೆ ನಡೆಯೋದು."

"ಸುಮ್ಮನೆ ನಡೆಯೋದಕ್ಕೆ ಅಷ್ಟು ದೂರ ಯಾಕೋ? ಬಸ್ ಸ್ಟ್ಯಾಂಡ್ ಸುತ್ತ ನಡೆದ್ರೆ ಆಗಲ್ವಾ?"

"ತಮಾಷೆ ಬೇಡ. ಆ ಗೋಡೆ ನೋಡು. ಇಲ್ಲಿ ಕೂತೇ ಏದುಸಿರು ಬರ್ತಿದೆ ನನಗೆ."

"ಆ ಗೋಡೆ ಎಬ್ಬಿಸಿದ್ದು ನೀನೇ ಕಣೋ! ನಾಲ್ಕು ಪಟ್ಟು ಎಬ್ಬಿಸಿದೀಯ."

ಮಾತು ನಿಜವಾಗಿತ್ತು. ಇದ್ದ ಅಳತೆಗೆ ಬೆಟ್ಟ ಮಾಡಿದರೆ ಅದು ಮುದುಡಿದ ಹಾಸಿಗೆಬಟ್ಟೆಯಂತೆ ಕಾಣುತ್ತದೆ, ಯಾವ ಶಾಲೆಯೂ ಕೊಳ್ಳುವುದಿಲ್ಲ. ಅದಕ್ಕೇ ಎತ್ತರವನ್ನು ಮಾತ್ರ ನಾಲ್ಕು ಪಟ್ಟು ಹಿಗ್ಗಿಸುವುದು ಅವರ ರೂಢಿ. ದಿನವೂ ಹಿಗ್ಗಿಸುವ ಮನುಷ್ಯನೇ ಅದನ್ನು ನೋಡಿ ಹೆದರಿದ್ದ.

"ಗೊತ್ತು," ಎಂದ ಅವನು ಕಿವಿ ಕೆಂಪಗಾಗಿ. "ನಾಲ್ಕರಿಂದ ಭಾಗಿಸಿದ್ರೂ ಅದು ಬೆಟ್ಟವೇ. ಇದು ಭಾಗಿಸದೇನೇ ಬಯಲು. ನಿನಗೆ ಯಾವುದು ಒಳ್ಳೇದು ಹೇಳು."

ಅವನ ತರ್ಕದಲ್ಲಿ ಅಕ್ಕನಿಗೂ ತಪ್ಪು ಕಾಣಲಿಲ್ಲ. ಆಗಲಿ, ಸರೋವರವಾದರೂ ಸರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ತಮ್ಮನ ಹೆಂಡತಿ ಬಂದಳು. ಊರಿನ ಈಜುಕೊಳದಲ್ಲಿ ತರಬೇತಿ ಕೊಡುವವಳು. ಕೂದಲು ಇನ್ನೂ ಒದ್ದೆ, ಬಟ್ಟೆಗೆಲ್ಲ ಕ್ಲೋರಿನ್ ವಾಸನೆ. ಚೀಲ ಇಡಲು ಜಾಗ ಸಾಲದೆ ಎರಡು ಹಲಗೆಗಳನ್ನೂ ಒಂದಕ್ಕೊಂದು ತಾಗುವಂತೆ ಸರಿಸಿದಳು. ಸರಿಸಿದವಳು ಹಾಗೇ ನಿಂತಳು.

"ಅತ್ತಿಗೆ, ಇದೂ ಅದೂ ಒಂದೇ ಬೆಟ್ಟ ಅಲ್ವಾ?"

ಎರಡೂ ಹಲಗೆಗಳ ಅಂಚಿನಲ್ಲಿ ಒಂದೇ ಹಿಮಶಿಖರದ ಅರ್ಧರ್ಧವಿತ್ತು. ಈಗ ಎರಡು ಅರ್ಧಗಳೂ ಪಕ್ಕಪಕ್ಕ ಬಂದಿದ್ದವು. ಕಣಿವೆಯ ಹಲಗೆಯಲ್ಲಿ ಅದು ಎತ್ತರದ ಆಳಿನ ಹಾಗೆ ನಿಂತಿದ್ದರೆ, ಸರೋವರದ ಹಲಗೆಯಲ್ಲಿ ಅವನ ಸೊಂಟದಷ್ಟೂ ಇರಲಿಲ್ಲ.

"ಒಂದೇ ಬೆಟ್ಟ," ಎಂದಳು ಅಕ್ಕ ನಿಧಾನವಾಗಿ. "ಅಯ್ಯೋ. ತಳ ಬೇರೆ ಕಣೋ. ತಳ ಬೇರೆ!"

ಸಮುದ್ರಮಟ್ಟದಿಂದ ರಟ್ಟು ಪೇರಿಸುತ್ತ ಬಂದರೆ ನಕ್ಷೆ ಬಾಗಿಲಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಪ್ರತಿ ನಕ್ಷೆಯನ್ನೂ ಅದರಲ್ಲಿರುವ ಅತಿ ತಗ್ಗಿನ ಜಾಗದಿಂದ ಶುರುಮಾಡುತ್ತಾರೆ. ಕಣಿವೆಯ ಹಲಗೆ ನದಿಯಿಂದ ಶುರುವಾಗಿತ್ತು. ಸರೋವರದ ಹಲಗೆ ಸರೋವರದಿಂದ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟದ್ದೇ ತಪ್ಪಾಗಿತ್ತು. ಕೊಳ್ಳುವವರು ಒಂದನ್ನೇ ಕೊಳ್ಳುತ್ತಾರೆ, ಅವರು ಈ ಮೋಸಕ್ಕೆ ಬೀಳುವುದಿಲ್ಲ. ಬೀಳಬೇಕಾದರೆ ಮಾಡಿದವರೇ ಬೀಳಬೇಕು.

ಬಣ್ಣದ ಡಬ್ಬಗಳನ್ನು ತಮ್ಮ ತಂದ. ಸರೋವರದ ಹಲಗೆಯನ್ನು ಇಬ್ಬರು ಹೆಂಗಸರೂ ಎತ್ತಿ ಹಿಡಿದರು, ಅವನು ಕೆಳಗೆ ಡಬ್ಬ ಜೋಡಿಸುತ್ತ ಹೋದ. ಶಿಖರದ ಎರಡು ಅರ್ಧಗಳೂ ಕೂಡಿಕೊಳ್ಳುವ ಹೊತ್ತಿಗೆ ಹಲಗೆ ಹತ್ತಿರಹತ್ತಿರ ಒಂದು ಗೇಣು ಮೇಲೇರಿತ್ತು. ಬಟ್ಟಬಯಲು ಈಗ ಅಟ್ಟದ ಮೇಲಿನ ಬಯಲು. ಸರೋವರದ ದಡ ಪಾಸಿಗಿಂತ ನಾಲ್ಕು ಬೆರಳು ಕೆಳಗಿತ್ತು, ಅಷ್ಟೇ.

"ಜೀಪಿನಲ್ಲಿ ಹೋಗಿ ಮೊದಲ ರಾತ್ರಿನೇ ಅಲ್ಲಿ ಮಲಗೋದು," ಎಂದಳು ಅಕ್ಕ. "ಪಾಸಿನ ದಾರಿಲಿ ಕೆಳಗಿನ ಹಳ್ಳಿಯಿಂದ ಶುರು. ಪ್ರತಿ ರಾತ್ರಿ ಸ್ವಲ್ಪಸ್ವಲ್ಪ ಮೇಲೆ. ಪಾಸಿನ ಮೇಲೆ ಯಾರೂ ಮಲಗಲ್ಲ, ದಾಟಿ ಅವತ್ತೇ ಇಳೀತಾರೆ."

ತಮ್ಮನ ಮುಖ ಬಿಳಚಿಕೊಂಡಿತ್ತು. ಅವಳಿಗೆ ಒಳ್ಳೆಯದೆಂದು ಹಟಹಿಡಿದು ತಾನು ಎಲ್ಲಿಗೆ ಕರೆದೊಯ್ಯಲಿದ್ದೆ ಎಂಬುದು ಅವನಿಗೆ ಈಗ ಕಣ್ಣೆದುರೇ ಕಾಣುತ್ತಿತ್ತು.

"ಹಾಗಾದ್ರೆ ಎರಡೂ ಬೇಡ."

"ಇದು ಯಾವ ನ್ಯಾಯ?" ಅಕ್ಕನ ಧ್ವನಿ ಏರಿತು. "ಬೆಟ್ಟಕ್ಕೆ ಹೆದರ್ಕೊಂಡು—"

"ಬೆಟ್ಟದ ಭಯ ಯಾರಿಗಿದೆ? ನನಗೆ ನಿನ್ನದೇ ಭಯ. ಮೈ ಕೆಂಡದಂತೆ ಸುಡ್ತಿದ್ರೂ ಆ ಕಾಲೇಜಿನ ಆರ್ಡರ್ ಮುಗಿಸೋ ತನಕ ಬಾಯಿ ಬಿಟ್ಯಾ ನೀನು? 'ಏನಿಲ್ಲ ಕಣೋ, ಶೀತ.' ಅಲ್ಲೂ ತಲೆ ಸಿಡಿದ್ರೂ 'ಏನಿಲ್ಲ ಕಣೋ' ಅಂತೀಯ. ಅಲ್ಲಿ ನಾನು ಯಾವ ಆಟೋ ಹಿಡೀಲಿ ಅಕ್ಕ?"

ಅಕ್ಕ ಬೆರಳಿಗಂಟಿದ ಒಣ ಪ್ಲಾಸ್ಟರನ್ನು ಉಗುರಿನಿಂದ ಕೆರೆಯುತ್ತ ಕುಳಿತಳು.

ಕೊನೆಗೆ ಅವನ ಹೆಂಡತಿಯೇ ಅಂದಳು: "ಎಷ್ಟು ಚೆನ್ನಾಗಿ ಈಜಿದ್ರೂ ಸರಿ, ಸಾಕಾದಾಗ ಹೇಳೋಕೆ ಬರದವರನ್ನ ನಾನು ಆಳದ ಕಡೆ ಬಿಡಲ್ಲ ಅತ್ತಿಗೆ. ನಾಳೆ ಭಾನುವಾರ. ಊರಾಚೆ ಗುಡ್ಡ ಹತ್ತೋಣ."

ಗುಡ್ಡ ಅಂಥ ದೊಡ್ಡದೇನಲ್ಲ. ತುದಿಯಲ್ಲಿ ಟಿವಿ ಗೋಪುರ, ಅಲ್ಲಿಯ ತನಕ ಮಣ್ಣುದಾರಿ. ತಮ್ಮನ ಹೆಂಡತಿ ಮುಂದೆ, ಅಕ್ಕ ನಡುವೆ, ತಮ್ಮ ಹಿಂದೆ. ಅರ್ಧ ದಾರಿಯವರೆಗೂ ಅಕ್ಕನಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ದಾರಿ ಕಡಿದಾಯಿತು, ಕಾಯಿಲೆ ತಗುಲಿದ್ದ ಬದಿಯ ಪಕ್ಕೆಯಲ್ಲಿ ಏನೋ ಬಿಗಿಯತೊಡಗಿತು.

"ಹೇಗಿದೆ ಅಕ್ಕ?" ಹಿಂದಿನಿಂದ ತಮ್ಮ ಕೇಳಿದ.

'ಏನಿಲ್ಲ ಕಣೋ' ತಾನಾಗಿಯೇ ಗಂಟಲಿಗೆ ಬಂತು. ಎಷ್ಟೋ ವರ್ಷಗಳಿಂದ ತುಳಿದು ನುಣುಪಾದ ದಾರಿ ಅದಕ್ಕೆ. ಹೇಳಿದರೆ ಪಾಸು ಕೈತಪ್ಪಬಹುದು, ಹೇಳದಿದ್ದರೆ ಈ ಗುಡ್ಡವನ್ನು ಹೇಗೋ ಹತ್ತಿಬಿಡಬಹುದು. ಎರಡೂ ಅವಳಿಗೆ ಗೊತ್ತಿತ್ತು. ಇನ್ನೂ ನಾಲ್ಕು ಹೆಜ್ಜೆ ಹಾಕಿದಳು. ನಿಂತಳು.

"ಎಡಪಕ್ಕೆ ಹಿಡ್ಕೊಂಡಿದೆ. ಉಸಿರು ಸಾಲ್ತಿಲ್ಲ. ಕೂತ್ಕೋಬೇಕು."

ತಿರುಗಿ ನೋಡಿದರೆ ತಮ್ಮ ಆಗಲೇ ಕುಳಿತಿದ್ದ. ಕುಳಿತಿದ್ದನೇನು, ಕಲ್ಲಿಗೆ ಒರಗಿ ಕಾಲು ಚಾಚಿದ್ದ.

"ಪುಣ್ಯಾತ್ಗಿತ್ತಿ," ಎಂದ ಏದುಸಿರಿನ ನಡುವೆ, "ಆ ಕೆಳಗಿನ ತಿರುವಿನಿಂದ ಕಾಯ್ತಿದ್ದೆ, ನೀನು ಹೇಳ್ತೀಯ ಅಂತ."

"ನೀನೇ ಹೇಳ್ಬಹುದಿತ್ತಲ್ಲೋ!"

"ನಾನು ಹೇಗೆ ಹೇಳಲಿ? ನಾನು ನಿನ್ನನ್ನ ನೋಡ್ಕೊಳ್ಳೋಕೆ ಬಂದವನು."

ಅವನ ಹೆಂಡತಿ ಮೇಲಿನ ತಿರುವಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು. "ಒಂದೇ ಮನೆಯ ಬುದ್ಧಿ," ಎಂದು ಇಳಿದು ಬಂದು ನೀರು ಕೊಟ್ಟಳು. ಮೂವರೂ ಕುಳಿತರು. ಸ್ವಲ್ಪ ಹೊತ್ತಿಗೆ ಪಕ್ಕೆ ಸಡಿಲವಾಯಿತು. ಅಕ್ಕ ಅದನ್ನೂ ಹೇಳಿದಳು. ಹೇಳುವುದು ಎರಡನೇ ಸಲಕ್ಕೆ ಅಷ್ಟು ಕಷ್ಟವಾಗಲಿಲ್ಲ.

ಮತ್ತೆ ಎದ್ದಾಗ ಮುಂದೆ ಅಕ್ಕನನ್ನೇ ಬಿಟ್ಟರು, ಅವಳ ಹೆಜ್ಜೆಗೆ ಉಳಿದಿಬ್ಬರೂ ನಡೆಯಲಿ ಎಂದು. ನಡುವೆ ಎರಡು ಸಲ ನಿಂತರು. ಒಂದು ಸಲ ಅವಳು ಕೇಳಿದ್ದಕ್ಕೆ, ಒಂದು ಸಲ ಅವನು ಕೇಳಿದ್ದಕ್ಕೆ. ಗೋಪುರದ ಬುಡ ಮುಟ್ಟಿದಾಗ ಬಿಸಿಲು ಚುರುಗುಡುತ್ತಿತ್ತು. ಕೆಳಗೆ ಊರು ಅಂಗೈಯಷ್ಟಾಗಿತ್ತು.

ತಮ್ಮ ಬೆವರು ಒರೆಸಿಕೊಂಡು ಫೋನ್ ತೆಗೆದ. ಭಾನುವಾರವಾದರೂ ಏಜೆಂಟ್ ಎತ್ತಿದ.

"ಪಾಸಿನ ತಂಡಕ್ಕೆ ಬರೆದುಕೊಳ್ಳಿ. ಮೂರು ಜನ."

ಅಕ್ಕ ಗೋಪುರದ ಕಂಬಿ ಹಿಡಿದುಕೊಂಡು ಕೇಳುತ್ತಿದ್ದಳು. ಆಚೆಯವನು ಏನೋ ವಿಚಾರಿಸುತ್ತಿದ್ದ: ತಂಡದಲ್ಲಿ ಸ್ವಲ್ಪ ನಿಧಾನವಾಗಿ ನಡೆಯುವವರು ಯಾರಾದರೂ ಇದ್ದಾರೆಯೇ, ಮೊದಲೇ ತಿಳಿಸಿದರೆ ಅನುಕೂಲ.

"ಇದ್ದಾರೆ," ಎಂದ ತಮ್ಮ. "ನಾನೇ."